"ನಮ್ಮ ಕೈಯಲ್ಲಿ ಏನುಂಟು?" - ಕೆಲಸದ ಸ್ಥಳದ ಅಸಹಾಯಕತೆ ಮತ್ತು ನೌಕರನ ಮನಸ್ಸು

ಭಾನುವಾರದ ಎರಡನೇ ಪೂಜೆ ಮುಗಿದು ಜನರು ಚರ್ಚಿನ ಅಂಗಳಕ್ಕೆ ಇಳಿಯುವ ಹೊತ್ತಿನಲ್ಲಿ ಸ್ವಲ್ಪ ಕಿವಿಗೊಟ್ಟರೆ ಸಾಕು, ನಮ್ಮ ಊರಿನ ಉದ್ಯೋಗ ಪ್ರಪಂಚದ ವರದಿ ಅಲ್ಲೇ ಸಿಗುತ್ತದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿ, ಆಂಗ್ಲ ಮಾಧ್ಯಮ ಶಾಲೆಯ ಶಿಕ್ಷಕಿ, ರಜೆಯಲ್ಲಿ ಗಲ್ಫಿನಿಂದ ಬಂದಿರುವ ಯುವಕ, ನಿವೃತ್ತಿಗೆ ಎರಡು ವರ್ಷ ಉಳಿದಿರುವ ಬ್ಯಾಂಕ್ ನೌಕರ - ಇವರೆಲ್ಲರ ಸಂಬಳ ಬೇರೆ, ಕಷ್ಟವೂ ಬೇರೆ. ಆದರೆ "ಕೆಲಸ ಹೇಗುಂಟು?" ಎಂದು ಕೇಳಿದರೆ ಕೊನೆಗೆ ಬರುವ ಮಾತು ಮಾತ್ರ ಒಂದೇ: "ನಮ್ಮ ಕೈಯಲ್ಲಿ ಏನುಂಟು? ಅವರು ಹೇಳಿದ್ದು ಮಾಡುವುದು, ಅಷ್ಟೇ."

ಹೀಗೆ ಹೇಳುವಾಗ ಕೆಲವರು ನಗುತ್ತಾರೆ. ಕೇಳುವವರೂ ನಗುತ್ತಾರೆ. ಮಾತು ಮದುವೆ, ರೋಸ್, ಮಳೆ ಎಂದು ಮುಂದೆ ಹೋಗುತ್ತದೆ. ಇದೊಂದು ಗೊಣಗಾಟ, ಎಲ್ಲ ಕಾಲಕ್ಕೂ ಇದ್ದದ್ದೇ ಎಂದು ನಾವು ಅದನ್ನು ಅಲ್ಲಿಗೇ ಬಿಡುತ್ತೇವೆ. ಆದರೆ ಸಮಾಜ ವಿಜ್ಞಾನಿಗಳು ಮತ್ತು ಮನಶ್ಶಾಸ್ತ್ರಜ್ಞರು ಕಳೆದ 60 - 70 ವರ್ಷಗಳಿಂದ ಈ ಒಂದು ಭಾವನೆಯ ಬೆನ್ನುಹತ್ತಿದ್ದಾರೆ. ಅವರು ಕಂಡುಕೊಂಡ ವಿಷಯಗಳು ನಮ್ಮ ಕುಟುಂಬಗಳಿಗೂ, ನಮ್ಮ ಶಾಲೆ - ಆಸ್ಪತ್ರೆಗಳಿಗೂ, ಕೊನೆಗೆ ನಮ್ಮ ಚರ್ಚ್ ಕಛೇರಿಗಳಿಗೂ ನೇರವಾಗಿ ಸಂಬಂಧಿಸಿವೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಅಸಹಾಯಕತೆ ಎಂದರೆ ಏನು?

ಮೊದಲಿಗೆ ಒಂದು ಗೊಂದಲ ನಿವಾರಿಸಬೇಕು. ಕಡಿಮೆ ಸಂಬಳ ಬೇರೆ, ಹೆಚ್ಚು ಕೆಲಸ ಬೇರೆ, ಅಸಹಾಯಕತೆ ಬೇರೆ. ಮೂರೂ ಒಟ್ಟಿಗೆ ಇರಬಹುದು. ಆದರೆ ಒಳ್ಳೆಯ ಸಂಬಳ ಪಡೆಯುವವನಿಗೂ ಮೂರನೆಯದು ಕಾಡಬಹುದು. ಅಮೆರಿಕದ ಸಮಾಜಶಾಸ್ತ್ರಜ್ಞ ಮೆಲ್ವಿನ್ ಸೀಮನ್ 1959ರಲ್ಲಿ ಬರೆದ ಒಂದು ಪ್ರಸಿದ್ಧ ಲೇಖನದಲ್ಲಿ, ಮನುಷ್ಯ ಪರಕೀಯನಾಗುವ ಐದು ಬಗೆಗಳನ್ನು ಗುರುತಿಸಿದರು. ಅದರಲ್ಲಿ ಮೊದಲನೆಯದೇ ಅಸಹಾಯಕತೆ. ಅವರ ವಿವರಣೆಯ ಸಾರ ಇಷ್ಟು: ನಾನು ಏನು ಮಾಡಿದರೂ, ಮಾಡದಿದ್ದರೂ, ನನಗೆ ಬೇಕಾದ ಫಲ ಅದರಿಂದ ನಿರ್ಧಾರವಾಗುವುದಿಲ್ಲ ಎಂಬ ನಿರೀಕ್ಷೆ. 'ನಿರೀಕ್ಷೆ' ಎಂಬ ಶಬ್ದವನ್ನು ಗಮನಿಸಿ. ಇದು ಬರೇ ಹೊರಗಿನ ಪರಿಸ್ಥಿತಿಯಲ್ಲ, ಮನಸ್ಸು ಆ ಪರಿಸ್ಥಿತಿಯಿಂದ ಕಲಿತುಕೊಂಡ ಪಾಠ.

ನಮ್ಮ ಕರಾವಳಿಯವರಿಗೆ ಇದನ್ನು ಅರ್ಥಮಾಡಿಸಲು ದೂರದ ಉದಾಹರಣೆ ಬೇಡ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಎಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಸರಿಯಾಗಿ ಒಂದು ವರ್ಷದ ನಂತರ, 2020ರ ಎಪ್ರಿಲ್ 1ರಂದು, ಉಡುಪಿಯಲ್ಲಿ ಹುಟ್ಟಿದ ಎರಡು ಬ್ಯಾಂಕುಗಳು - 1906ರ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, 1925ರ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ - ಸೇರಿಹೋದವು. ವಿಲೀನ ಸರಿಯೋ ತಪ್ಪೋ ಎಂಬುದು ಇಲ್ಲಿ ನಮ್ಮ ಚರ್ಚೆಯ ವಿಷಯವಲ್ಲ, ಅದಕ್ಕೆ ಆರ್ಥಿಕ ಕಾರಣಗಳನ್ನು ಕೊಡಲಾಗಿತ್ತು. ಯಾರ ಕೆಲಸವೂ ಹೋಗದು ಎಂದು ಸರಕಾರ ಭರವಸೆ ಕೊಟ್ಟಿತ್ತು. ಆದರೂ 30 ವರ್ಷ ಒಂದೇ ಹೆಸರಿನ ಬೋರ್ಡಿನಡಿ ದುಡಿದವರ ಮುಖದಲ್ಲಿ ಆ ದಿನಗಳಲ್ಲಿ ಒಂದು ಬಗೆಯ ಶೂನ್ಯ ಕಾಣುತ್ತಿತ್ತು. ಅವರು ನಷ್ಟದ ಲೆಕ್ಕ ಹೇಳುತ್ತಿರಲಿಲ್ಲ. "ನಮ್ಮನ್ನು ಒಂದು ಮಾತು ಕೇಳಿದವರಿಲ್ಲ" ಎನ್ನುತ್ತಿದ್ದರು. ತಿಜೋರಿಯ ಲೆಕ್ಕದಲ್ಲಿ ಈ ಮಾತಿಗೆ ಬೆಲೆಯಿಲ್ಲ. ಮನಸ್ಸಿನ ಲೆಕ್ಕದಲ್ಲಿ ಉಂಟು.

ಪವಿತ್ರ ಗ್ರಂಥದಲ್ಲಿ ಈ ಭಾವನೆಯ ಅತ್ಯಂತ ಹಳೆಯ ಚಿತ್ರವೊಂದಿದೆ. ವಿಮೋಚನಾಕಾಂಡದ 5ನೇ ಅಧ್ಯಾಯದಲ್ಲಿ ಫರೋಹನು ಇಟ್ಟಿಗೆ ಮಾಡುವ ಇಸ್ರಯೇಲರಿಗೆ ಹುಲ್ಲು ಕೊಡುವುದನ್ನು ನಿಲ್ಲಿಸುತ್ತಾನೆ. ಆದರೆ ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಡಿಮೆಯಾಗಕೂಡದು. ಮೇಸ್ತ್ರಿಗಳು ಹೋಗಿ ದೂರು ಕೊಟ್ಟರೆ "ನೀವು ಸೋಮಾರಿಗಳು" ಎಂಬ ಉತ್ತರ. ಮುಂದಿನ ಅಧ್ಯಾಯದಲ್ಲಿ ಮೋಶೆ ಬಿಡುಗಡೆಯ ಶುಭವಾರ್ತೆ ತಂದಾಗ ಜನ ಕುಣಿದಾಡಬೇಕಿತ್ತಲ್ಲವೇ? ಇಲ್ಲ. ಕಠಿಣ ದಾಸತ್ವದಿಂದ ಮನಸ್ಸು ಕುಗ್ಗಿದ್ದ ಅವರು ಅವನ ಮಾತಿಗೆ ಕಿವಿಗೊಡಲೇ ಇಲ್ಲ. ಬಿಡುಗಡೆಯ ಮಾತು ಕೂಡ ಕಿವಿಗೆ ಬೀಳದ ಸ್ಥಿತಿ! ಇಂದಿನ ಮನಶ್ಶಾಸ್ತ್ರ ಹೇಳುವುದೂ ಹೆಚ್ಚು ಕಡಿಮೆ ಇದನ್ನೇ.

ಮನಸ್ಸು ಹೇಗೆ ಬದಲಾಗುತ್ತದೆ?

1967ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಯುವ ಸಂಶೋಧಕರು ನಾಯಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. (ಇಂದು ಅಂಥ ಪ್ರಯೋಗಕ್ಕೆ ಯಾರೂ ಸುಲಭವಾಗಿ ಅನುಮತಿ ಕೊಡಲಾರರು.) ಕೆಲವು ನಾಯಿಗಳಿಗೆ ವಿದ್ಯುತ್ ಆಘಾತವನ್ನು ತಾವೇ ನಿಲ್ಲಿಸುವ ಉಪಾಯವಿತ್ತು. ಇನ್ನು ಕೆಲವಕ್ಕೆ ಅದಿರಲಿಲ್ಲ, ಏನು ಮಾಡಿದರೂ ಆಘಾತ ತಪ್ಪುತ್ತಿರಲಿಲ್ಲ. ಆಮೇಲೆ ಎರಡೂ ಗುಂಪನ್ನು, ಸಣ್ಣ ತಡೆಯೊಂದನ್ನು ಹಾರಿದರೆ ಪಾರಾಗಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರು. ಮೊದಲ ಗುಂಪಿನವು ಬೇಗನೆ ಹಾರಲು ಕಲಿತವು. ಎರಡನೆಯ ಗುಂಪಿನ ಹೆಚ್ಚಿನವು ಹಾರುವ ಪ್ರಯತ್ನವನ್ನೇ ಬಿಟ್ಟು ಮಲಗಿ ನರಳಿದವು. ದಾರಿ ತೆರೆದಿತ್ತು, ಆದರೆ ದಾರಿ ಇರಬಹುದೆಂಬ ನಂಬಿಕೆ ಹೋಗಿತ್ತು. ಇದನ್ನು 'ಕಲಿತ ಅಸಹಾಯಕತೆ' ಎಂದು ಕರೆದರು.

ಸುಮಾರು 50 ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರು ಮೆದುಳಿನ ಹೊಸ ಅಧ್ಯಯನಗಳ ಆಧಾರದಲ್ಲಿ ತಮ್ಮ ಸಿದ್ಧಾಂತವನ್ನು ತಿರುಗಿಸಿ ಬರೆದರು. ದೀರ್ಘ ಕಷ್ಟದ ಎದುರು ಸುಮ್ಮನಾಗುವುದು ಕಲಿತದ್ದಲ್ಲ, ಅದು ಜೀವಿಯ ಸಹಜ ಪ್ರತಿಕ್ರಿಯೆ. 'ನನ್ನಿಂದ ಏನಾದರೂ ಆಗುತ್ತದೆ' ಎಂಬುದನ್ನೇ ಅನುಭವದಿಂದ ಕಲಿಯಬೇಕಾಗುತ್ತದೆ ಎಂದರು. ತಮ್ಮ ಹೆಸರನ್ನು ಲೋಕಪ್ರಸಿದ್ಧ ಮಾಡಿದ ಸಿದ್ಧಾಂತವನ್ನು ತಾವೇ ತಿದ್ದಿಕೊಂಡ ಆ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ನಮ್ಮ ವಿಷಯಕ್ಕೆ ಈ ತಿದ್ದುಪಡಿ ಬಹಳ ಮುಖ್ಯ. ಯಾಕೆಂದರೆ ನೌಕರನಿಗೆ "ಧೈರ್ಯವಾಗಿರಿ, ಮುಂದೆ ಬನ್ನಿ" ಎಂದು ಉಪದೇಶ ಮಾಡಿದರೆ ಏನೂ ಆಗದು. ತಾನು ಹೇಳಿದ್ದರಿಂದ ಯಾವುದಾದರೊಂದು ವಿಷಯ ನಿಜವಾಗಿ ಬದಲಾದದ್ದನ್ನು ಅವನು ಕಣ್ಣಾರೆ ಕಾಣಬೇಕು.

ಕೆಲಸದ ಸ್ಥಳದಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ನನಗೆ ತಿಳಿದ ಒಬ್ಬ ಶಿಕ್ಷಕಿಯ ಸಂಗತಿ ಹೇಳುತ್ತೇನೆ. ಊರು, ಶಾಲೆ ಬೇಡ. ಸೇರಿದ ಮೊದಲ ವರ್ಷ ಆಕೆ ವಿಜ್ಞಾನದ ಪ್ರಯೋಗಗಳಿಗಾಗಿ ಒಂದು ಪಟ್ಟಿ ಬರೆದು ಕೊಟ್ಟರು. ಉತ್ತರ ಬರಲಿಲ್ಲ. ಎರಡನೆಯ ವರ್ಷ ವೇಳಾಪಟ್ಟಿಯಲ್ಲಿ ಒಂದು ಬದಲಾವಣೆ ಕೇಳಿದರು. "ಮ್ಯಾನೇಜ್‌ಮೆಂಟ್ ನೋಡಿಕೊಳ್ಳುತ್ತದೆ ಟೀಚರ್" ಎಂದರು. ಮೂರನೆಯ ವರ್ಷ, ಮಧ್ಯಾಹ್ನ ಊಟದ ಬಿಡುವಿನಲ್ಲಿ, ಅವರ ತರಗತಿಯನ್ನೇ ಬದಲಿಸಿದ ವಿಷಯ ನೋಟೀಸ್ ಬೋರ್ಡಿನಿಂದ ತಿಳಿಯಿತು. ನಾಲ್ಕನೆಯ ವರ್ಷದಿಂದ ಆಕೆ ಏನೂ ಕೇಳುವುದನ್ನು ನಿಲ್ಲಿಸಿದರು. ಮುಖ್ಯೋಪಾಧ್ಯಾಯಿನಿಯವರ ವರದಿಯಲ್ಲಿ ಆ ವರ್ಷವೇ ಮೊದಲ ಬಾರಿಗೆ "ಸಹಕಾರ ಮನೋಭಾವ ಉತ್ತಮ" ಎಂದು ಬರೆಯಲಾಗಿತ್ತಂತೆ! ಆಕೆ ಈಗಲೂ ಚೆನ್ನಾಗಿ ಪಾಠ ಮಾಡುತ್ತಾರೆ. ಆದರೆ ಪಟ್ಟಿ ಬರೆಯುವ ಆ ಶಿಕ್ಷಕಿ ಈಗ ಆ ಶಾಲೆಯಲ್ಲಿಲ್ಲ.

ಮೌನವನ್ನು ಸಮ್ಮತಿಯೆಂದು ತಿಳಿಯುವ ಈ ತಪ್ಪನ್ನು ಎಲ್ಲ ಸಂಸ್ಥೆಗಳೂ ಮಾಡುತ್ತವೆ. ಆಲ್ಬರ್ಟ್ ಹಿರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಬರೆದ ಪುಸ್ತಕವೊಂದು ಇದನ್ನು ಸರಳವಾಗಿ ವಿವರಿಸುತ್ತದೆ. ಸಂಸ್ಥೆ ಹದಗೆಟ್ಟಾಗ ಅದರ ಸದಸ್ಯನಿಗೆ ಎರಡು ದಾರಿ - ಬಿಟ್ಟುಹೋಗುವುದು, ಇಲ್ಲವೇ ಬಾಯಿಬಿಟ್ಟು ಹೇಳುವುದು. ಸಂಸ್ಥೆಯ ಮೇಲೆ ಮಮತೆ ಇದ್ದವನು ಬೇಗ ಬಿಟ್ಟುಹೋಗುವುದಿಲ್ಲ, ಸರಿಯಾದೀತೆಂದು ಹೇಳಿ ನೋಡುತ್ತಾನೆ. ಹಾಗಾದರೆ ಹೇಳಿದ್ದಕ್ಕೆ ಬೆಲೆಯಿಲ್ಲ, ಬಿಟ್ಟು ಹೋಗಲು ಬೇರೆ ಕೆಲಸವೂ ಇಲ್ಲ ಎಂದಾದಾಗ? ಶರೀರ ಕೆಲಸದಲ್ಲಿ, ಮನಸ್ಸು ಮನೆಯಲ್ಲಿ.

ಕೆನಡಾದ ಜಾನ್ ಮೇಯರ್ ಮತ್ತು ನಟಾಲಿ ಆಲೆನ್ 1991ರಲ್ಲಿ ನೌಕರನ ನಿಷ್ಠೆಯನ್ನು ಮೂರಾಗಿ ವಿಂಗಡಿಸಿದರು. ಇಷ್ಟವಿದ್ದು ಉಳಿಯುವುದು ಒಂದು. ಬಿಟ್ಟರೆ ನಷ್ಟವಾಗುತ್ತದೆಂದು ಉಳಿಯುವುದು ಇನ್ನೊಂದು. ಉಳಿಯುವುದು ನನ್ನ ಕರ್ತವ್ಯ, ಋಣ ಎಂದು ಉಳಿಯುವುದು ಮೂರನೆಯದು. ಹಾಜರಿ ಪುಸ್ತಕದಲ್ಲಿ ಮೂವರ ಸಹಿಯೂ ಒಂದೇ ರೀತಿ ಕಾಣುತ್ತದೆ. ಆದರೆ ರಾತ್ರಿ ಪಾಳಿಯಲ್ಲಿ ರೋಗಿ ಕೈಸನ್ನೆ ಮಾಡಿದಾಗ ಎದ್ದು ಹೋಗುವ ವೇಗದಲ್ಲಿ ವ್ಯತ್ಯಾಸ ತಿಳಿಯುತ್ತದೆ. ಅಸಹಾಯಕತೆ ಮಾಡುವ ಮುಖ್ಯ ಹಾನಿ ಇದುವೇ: ಅದು ಮೊದಲ ಬಗೆಯ ನೌಕರನನ್ನು ನಿಧಾನವಾಗಿ ಎರಡನೆಯ ಬಗೆಗೆ ತಳ್ಳುತ್ತದೆ. ಗೃಹಸಾಲದ ಕಂತು, ಮಕ್ಕಳ ಕಾಲೇಜು ಫೀಸು, ವಯಸ್ಸಾದ ತಾಯಿಯ ಔಷಧಿ - ಇವು ಅವನನ್ನು ಕುರ್ಚಿಗೆ ಕಟ್ಟಿಹಾಕುತ್ತವೆ. ಆಡಳಿತದವರು "ನಮ್ಮಲ್ಲಿ ಯಾರೂ ಕೆಲಸ ಬಿಡುವುದಿಲ್ಲ" ಎಂದು ಹೆಮ್ಮೆ ಪಡುತ್ತಾರೆ.

ಇಲ್ಲಿಂದ ಮುಂದೆ ವೃತ್ತಿತೃಪ್ತಿ ಕುಸಿಯುತ್ತದೆ. ವ್ಯಂಗ್ಯದ ಮಾತು ಹೆಚ್ಚುತ್ತದೆ. ಹೊಸದಾಗಿ ಸೇರಿದ ಉತ್ಸಾಹಿಯನ್ನು ಕಂಡರೆ "ನಾವೂ ಹೀಗೇ ಇದ್ದೆವು, ಸ್ವಲ್ಪ ಸಮಯ ನೋಡು" ಎನ್ನುವ ಚಾಳಿ ಬರುತ್ತದೆ. ಕೆಲಸದ ಬಳಲಿಕೆ ಮಿತಿಮೀರಿ ಮನಸ್ಸು ಬರಿದಾಗುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ತನ್ನ ರೋಗಗಳ ವರ್ಗೀಕರಣದಲ್ಲಿ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಗುರುತಿಸಿದೆ. ಅದರ ಲಕ್ಷಣಗಳಲ್ಲಿ ಬಳಲಿಕೆಯ ಜತೆಗೆ ಕೆಲಸದ ಬಗ್ಗೆ ಸಿನಿಕತನವೂ ಸೇರಿದೆ. ಆದ್ದರಿಂದ "ಅವನ ಬಾಯಿ ಸರಿಯಿಲ್ಲ" ಎನ್ನುವ ಮೊದಲು ಅವನಿಗೆ ಏನಾಗಿದೆ ಎಂದು ಕೇಳುವುದು ನ್ಯಾಯ.

ದೇಹಕ್ಕೂ ತಟ್ಟುತ್ತದೆ

ಲಂಡನಿನ ಸರಕಾರಿ ನೌಕರರ ಮೇಲೆ ನಡೆದ 'ವೈಟ್‌ಹಾಲ್' ಅಧ್ಯಯನಗಳು ಈ ವಿಷಯದಲ್ಲಿ ಲೋಕದ ಕಣ್ಣು ತೆರೆಸಿದವು. 1967ರಲ್ಲಿ ಆರಂಭವಾದ ಮೊದಲ ಅಧ್ಯಯನದಲ್ಲಿ, ಅತ್ಯಂತ ಕೆಳದರ್ಜೆಯ ನೌಕರರು ಮೇಲ್ದರ್ಜೆಯ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ಸಾವಿಗೀಡಾಗುತ್ತಿದ್ದುದು ಕಂಡುಬಂತು. ಅವರೇನೂ ಹೊಟ್ಟೆಗಿಲ್ಲದವರಲ್ಲ. ಎಲ್ಲರೂ ಖಾಯಂ ನೌಕರರು, ಎಲ್ಲರಿಗೂ ಸರಕಾರಿ ಆಸ್ಪತ್ರೆಯ ಸೌಲಭ್ಯವಿತ್ತು. ಧೂಮಪಾನ, ರಕ್ತದೊತ್ತಡ ಇವೆಲ್ಲ ಸ್ವಲ್ಪ ಮಟ್ಟಿಗೆ ಕಾರಣ ಹೇಳಿದವು, ಪೂರ್ತಿಯಾಗಿ ಅಲ್ಲ. 1985ರಲ್ಲಿ ಮೈಕಲ್ ಮಾರ್ಮಟ್ ನೇತೃತ್ವದಲ್ಲಿ 10,308 ಸ್ತ್ರೀ ಪುರುಷರನ್ನು ಸೇರಿಸಿಕೊಂಡು ಎರಡನೆಯ ಅಧ್ಯಯನ ಆರಂಭವಾಯಿತು. 1997ರಲ್ಲಿ ಪ್ರಕಟವಾದ ಅದರ ಫಲಿತಾಂಶಗಳ ಪ್ರಕಾರ, ತನ್ನ ಕೆಲಸವನ್ನು ಯಾವಾಗ, ಹೇಗೆ ಮಾಡಬೇಕೆಂಬುದರಲ್ಲಿ ಸ್ವಂತ ಹಿಡಿತ ಕಡಿಮೆ ಇದ್ದವರಲ್ಲಿ ಹೃದ್ರೋಗದ ಅಪಾಯ ಹೆಚ್ಚಾಗಿತ್ತು.

ದೊಡ್ಡ ಸಾಹೇಬರಿಗೇ ಟೆನ್ಶನ್ ಜಾಸ್ತಿ, ಹೃದಯಾಘಾತವೂ ಅವರಿಗೇ ಎಂಬ ನಮ್ಮ ಸಾಮಾನ್ಯ ತಿಳಿವಳಿಕೆ ಇದರಿಂದ ತಲೆಕೆಳಗಾಯಿತು. ರಾಬರ್ಟ್ ಕರಾಸೆಕ್ ಎಂಬವರು 1979ರಲ್ಲೇ ಇದರ ಸುಳಿವು ಕೊಟ್ಟಿದ್ದರು. ಕೆಲಸದ ಒತ್ತಡವೊಂದೇ ಮನುಷ್ಯನನ್ನು ಅಷ್ಟಾಗಿ ಕೆಡಿಸುವುದಿಲ್ಲ; ಒತ್ತಡ ಹೆಚ್ಚು, ನಿರ್ಧರಿಸುವ ಅವಕಾಶ ಕಡಿಮೆ - ಈ ಎರಡೂ ಕೂಡಿದಾಗಲೇ ಹೆಚ್ಚು ಅಪಾಯ ಎಂದು.

ನಡುವಿನವರ ಸಂಕಟ

ಅಸಹಾಯಕತೆ ಕೆಳಗಿನವರಿಗೆ ಮಾತ್ರ ಎಂದು ತಿಳಿಯಬಾರದು. ರೋಸಬೆತ್ ಮಾಸ್ ಕ್ಯಾಂಟರ್ ಎಂಬ ಅಮೆರಿಕದ ವಿದುಷಿ 1977ರಲ್ಲಿ ಒಂದು ದೊಡ್ಡ ಕಂಪೆನಿಯನ್ನು ಹತ್ತಿರದಿಂದ ಅಧ್ಯಯನ ಮಾಡಿ ಬರೆದ ಪುಸ್ತಕದಲ್ಲಿ ಒಂದು ಸೂಕ್ಷ್ಮ ಮಾತನ್ನು ಹೇಳಿದ್ದಾರೆ. ಅಧಿಕಾರ ಮನುಷ್ಯನನ್ನು ಕೆಡಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅಧಿಕಾರವಿಲ್ಲದಿರುವುದೂ ಅಷ್ಟೇ ಕೆಡಿಸುತ್ತದೆ ಎಂಬುದು ಅದರ ತಿರುಳು. ಜವಾಬ್ದಾರಿ ಇದ್ದು ಅಧಿಕಾರವಿಲ್ಲದ ಮೇಲ್ವಿಚಾರಕ ನಿಯಮಕ್ಕೆ ಅಂಟಿಕೊಳ್ಳುತ್ತಾನೆ, ಸಣ್ಣ ಸಣ್ಣ ವಿಷಯಗಳಲ್ಲಿ ಗದರುತ್ತಾನೆ, ತನ್ನ ಕೈಕೆಳಗಿನವರು ಬೆಳೆಯದಂತೆ ನೋಡಿಕೊಳ್ಳುತ್ತಾನೆ. ಕೈಯಲ್ಲಿ ಉಳಿದಿರುವ ಅಧಿಕಾರ ಅಷ್ಟೇ ಆದ್ದರಿಂದ!

ರಜೆ ಅರ್ಜಿಗೆ ಮೂರು ಸಲ ಸಹಿ ಕೇಳುವ ಹೆಡ್ ಕ್ಲರ್ಕ್, ಐದು ನಿಮಿಷ ತಡವಾದರೆ ಎಲ್ಲರೆದುರು ಬೈಯುವ ವಾರ್ಡ್ ಇನ್‌ಚಾರ್ಜ್ - ಇವರನ್ನು ನಾವು ಕೆಟ್ಟ ಸ್ವಭಾವದವರೆಂದು ತೀರ್ಮಾನಿಸುತ್ತೇವೆ. ಅವರಿಗೆ ಮೇಲಿನಿಂದ ಏನು ಬರುತ್ತಿದೆ ಎಂದು ನಾವು ನೋಡಿರುವುದಿಲ್ಲ.

ಪೈಜಾಮ ಹೊಲಿಯುವವರು ಕಲಿಸಿದ ಪಾಠ

ಹಾಗಾದರೆ ಪರಿಹಾರವಿಲ್ಲವೇ? ಉಂಟು. ನನಗೆ ತುಂಬ ಹಿಡಿಸಿದ್ದು ಅಮೆರಿಕದ ವರ್ಜೀನಿಯ ರಾಜ್ಯದ ಮೇರಿಯನ್ ಎಂಬ ಊರಿನ ಹಾರ್ವುಡ್ ಪೈಜಾಮ ಫ್ಯಾಕ್ಟರಿಯ ಕಥೆ. ಅಲ್ಲಿ ಹೊಲಿಗೆ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಕೆಲಸದ ವಿಧಾನ ಬದಲಾದಾಗಲೆಲ್ಲ ಉತ್ಪಾದನೆ ಇಳಿಯುತ್ತಿತ್ತು, ಜಗಳವಾಗುತ್ತಿತ್ತು, ಜನ ಕೆಲಸ ಬಿಡುತ್ತಿದ್ದರು. ಲೆಸ್ಟರ್ ಕಾಕ್ ಮತ್ತು ಜಾನ್ ಫ್ರೆಂಚ್ ಎಂಬಿಬ್ಬರು ಒಂದು ಪರೀಕ್ಷೆ ಮಾಡಿ 1948ರಲ್ಲಿ ಅದನ್ನು ಪ್ರಕಟಿಸಿದರು. ಒಂದು ಗುಂಪಿಗೆ ಸಭೆ ಕರೆದು "ನಾಳೆಯಿಂದ ಹೀಗೆ" ಎಂದು ತಿಳಿಸಿದರು. ಇನ್ನೊಂದು ಗುಂಪು ತನ್ನ ಪ್ರತಿನಿಧಿಗಳ ಮೂಲಕ ಬದಲಾವಣೆಯ ಯೋಜನೆಯಲ್ಲಿ ಪಾಲುಗೊಂಡಿತು. ಉಳಿದ ಎರಡು ಗುಂಪುಗಳಲ್ಲಿ ಎಲ್ಲರೂ ಕುಳಿತು ಚರ್ಚಿಸಿ ಹೊಸ ವಿಧಾನವನ್ನು ರೂಪಿಸಿದರು.

ಮೊದಲ ಗುಂಪಿನ ಉತ್ಪಾದನೆ ಕುಸಿದದ್ದು ಮೇಲೇಳಲೇ ಇಲ್ಲ. ಮೊದಲ 40 ದಿನಗಳಲ್ಲಿ ಶೇಕಡಾ 17 ಮಂದಿ ಕೆಲಸ ಬಿಟ್ಟರು. ಎಲ್ಲರೂ ಪಾಲುಗೊಂಡ ಗುಂಪುಗಳು ಬೇಗನೆ ಚೇತರಿಸಿಕೊಂಡು ಹಿಂದಿನದ್ದಕ್ಕಿಂತಲೂ ಮುಂದೆ ಹೋದವು, ಅಲ್ಲಿ ಆ ಅವಧಿಯಲ್ಲಿ ಯಾರೂ ಕೆಲಸ ಬಿಡಲಿಲ್ಲ. ಕಥೆ ಇಲ್ಲಿಗೆ ಮುಗಿದಿದ್ದರೆ "ಮೊದಲ ಗುಂಪಿನವರು ಸ್ವಭಾವತಃ ಜಗಳಗಂಟಿಯರು" ಎನ್ನಬಹುದಿತ್ತು. ಆದರೆ ಕೆಲವು ತಿಂಗಳ ನಂತರ ಆ ಗುಂಪಿನಲ್ಲಿ ಉಳಿದಿದ್ದ 13 ಮಂದಿಯನ್ನು ಪುನಃ ಒಟ್ಟುಸೇರಿಸಿ, ಈ ಬಾರಿ ಅವರೊಡನೆ ಕುಳಿತು ಚರ್ಚಿಸಿ, ಬೇರೊಂದು ಹೊಸ ಕೆಲಸಕ್ಕೆ ವರ್ಗಾಯಿಸಿದರು. ಅವರೂ ಉಳಿದವರಂತೆಯೇ ಮುನ್ನಡೆದರು. ಅದೇ ಹೆಂಗಸರು, ಅದೇ ಫ್ಯಾಕ್ಟರಿ. ಬದಲಾದದ್ದು ಕೇಳುವ ರೀತಿ ಮಾತ್ರ.

ಇದಕ್ಕೊಂದು ಬಾಲವೂ ಉಂಟು. ಇದೇ ಪ್ರಯೋಗವನ್ನು ನಾರ್ವೆಯ ಒಂದು ಪಾದರಕ್ಷೆ ಫ್ಯಾಕ್ಟರಿಯಲ್ಲಿ ಮಾಡಿ 1960ರಲ್ಲಿ ವರದಿ ಮಾಡಿದಾಗ ಉತ್ಪಾದನೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಕಾರ್ಮಿಕರಿಗೆ ನಿರ್ಧರಿಸಲು ಬಿಟ್ಟದ್ದು ಬಹಳ ಸಣ್ಣ ವಿಷಯಗಳನ್ನು ಎಂಬುದು ಒಂದು ಕಾರಣ. ವಾರ್ಷಿಕೋತ್ಸವದ ಊಟಕ್ಕೆ ಬಿರಿಯಾನಿಯೋ ಘೀ ರೈಸೋ ಎಂದು ಸಿಬ್ಬಂದಿಯನ್ನು ಕೇಳಿ, ಪಾಳಿ ಬದಲಾವಣೆಯನ್ನು ಮಾತ್ರ ಮೇಲಿನಿಂದ ಹೇರುವ ಆಡಳಿತದವರು ಈ ಬಾಲವನ್ನು ಮರೆಯಬಾರದು.

ನರ್ಸ್‌ಗಳ ವಿಷಯದಲ್ಲೂ ಇಂಥದೇ ಅನುಭವ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನರ್ಸ್‌ಗಳ ತೀವ್ರ ಕೊರತೆ ಇತ್ತು. ಆದರೂ ಕೆಲವು ಆಸ್ಪತ್ರೆಗಳನ್ನು ಬಿಟ್ಟು ನರ್ಸ್‌ಗಳು ಹೋಗುತ್ತಿರಲಿಲ್ಲ. ಅಂಥ 41 ಆಸ್ಪತ್ರೆಗಳನ್ನು ಆಯ್ದು 1983ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎದ್ದುಕಂಡದ್ದೇನೆಂದರೆ, ರೋಗಿಯ ಶುಶ್ರೂಷೆಯ ವಿಷಯದಲ್ಲಿ ನರ್ಸ್‌ಗಳ ಮಾತಿಗೆ ಅಲ್ಲಿ ತೂಕವಿತ್ತು, ಆಡಳಿತದ ಮೇಲ್ಮಟ್ಟದಲ್ಲಿ ಅವರ ಪ್ರತಿನಿಧಿ ಕುಳಿತಿದ್ದರು. ಪ್ರತಿ ವರ್ಷ ಹುಡುಗಿಯರು ಪರೀಕ್ಷೆ ಬರೆದು ವಿದೇಶಕ್ಕೆ ಹಾರುವುದನ್ನು ನೋಡಿ "ಎಲ್ಲ ದುಡ್ಡಿನ ಆಸೆ" ಎನ್ನುವವರು ಇದನ್ನೂ ಸ್ವಲ್ಪ ಯೋಚಿಸಬೇಕು. ದುಡ್ಡು ದೊಡ್ಡ ಕಾರಣ, ಸುಳ್ಳಲ್ಲ. ಅದೊಂದೇ ಕಾರಣವಲ್ಲ ಎಂದು ಹೋದವರೇ ಹೇಳುತ್ತಾರೆ.

ನಮ್ಮ ಕರಾವಳಿಯಲ್ಲಿ

ಬೀಡಿ ಕಟ್ಟುವ ನಮ್ಮ ತಾಯಂದಿರಿಗೆ ಅಸಹಾಯಕತೆಯ ಅರ್ಥ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ಎಲೆ ಕಡಿಮೆ ತೂಗಿ ಕೊಟ್ಟರೂ ಸಾವಿರದ ಲೆಕ್ಕ ಸಾವಿರವೇ. ಬ್ರಾಂಚಿನಲ್ಲಿ ಕಂತೆಯಿಂದ ಎಳೆದು 'ಚಾಟ್' ಎಂದು ಬದಿಗೆ ಹಾಕಿದ ಬೀಡಿಗೆ ಮಾತಿಲ್ಲ. ಫರೋಹನ ಇಟ್ಟಿಗೆಯ ಲೆಕ್ಕ ನೆನಪಾಗುವುದಿಲ್ಲವೇ? 1966ರ ಬೀಡಿ ಕಾರ್ಮಿಕರ ಕಾಯಿದೆಯಲ್ಲಿ ಕಚ್ಚಾವಸ್ತು ಮತ್ತು ತಿರಸ್ಕೃತ ಬೀಡಿಯ ತಕರಾರನ್ನು ಇತ್ಯರ್ಥಪಡಿಸಲು ಅವಕಾಶವಿಟ್ಟಿದ್ದರು. ಆದರೆ ನಾಳೆಯೂ ಅದೇ ಬ್ರಾಂಚಿಗೆ ಬುಟ್ಟಿ ಹಿಡಿದು ಹೋಗಬೇಕಾದವಳು ದೂರು ಕೊಡುವುದು ಹೇಗೆ?

ಗಲ್ಫಿನಲ್ಲಿ ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲಾಗದ ಪದ್ಧತಿ ನಮ್ಮ ಎರಡು ತಲೆಮಾರನ್ನು ಕಟ್ಟಿಹಾಕಿತ್ತು. ಕತಾರ್ 2020ರಲ್ಲಿ ಆ ಒಪ್ಪಿಗೆಪತ್ರದ ನಿಯಮವನ್ನು ಕಾನೂನಿನಿಂದ ತೆಗೆದುಹಾಕಿತು. ಈಗ ಹೊಸ ಬಗೆಯ ಮಾಲೀಕ ಬಂದಿದ್ದಾನೆ, ಅವನಿಗೆ ಮುಖವೇ ಇಲ್ಲ. ಬೈಕಿನಲ್ಲಿ ಊಟ ತಲುಪಿಸುವ ಹುಡುಗನಿಗೆ ಆರ್ಡರ್ ಕೊಡುವುದೂ, ದಂಡ ಹಾಕುವುದೂ, ಖಾತೆ ಮುಚ್ಚುವುದೂ ಮೊಬೈಲಿನ ಆ್ಯಪ್. ಯಾರನ್ನು ಕೇಳುವುದು? 2025ರಲ್ಲಿ ಕರ್ನಾಟಕ ಸರಕಾರ ತಂದ ಗಿಗ್ ಕಾರ್ಮಿಕರ ಕಾಯಿದೆಯಲ್ಲಿ, ಕೆಲಸದಿಂದ ತೆಗೆಯುವ ಮುನ್ನ ಸಾಮಾನ್ಯವಾಗಿ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿ 14 ದಿನಗಳ ಸೂಚನೆ ಕೊಡಬೇಕೆಂದಿದೆ. ಅದೇ ವರ್ಷದ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ 14ನೇ ಲಿಯೊ ತಮ್ಮ ಹೆಸರಿಗೆ ಕಾರಣ ಹೇಳುವಾಗ, ಕಾರ್ಮಿಕರ ಹಕ್ಕಿನ ಬಗ್ಗೆ 1891ರಲ್ಲಿ ವಿಶ್ವಪತ್ರ ಬರೆದ 13ನೇ ಲಿಯೊ ಅವರನ್ನೂ, ಕೃತಕ ಬುದ್ಧಿಮತ್ತೆ ದುಡಿಮೆಯ ಘನತೆಗೆ ಒಡ್ಡಿರುವ ಸವಾಲನ್ನೂ ಒಟ್ಟಿಗೆ ನೆನಪಿಸಿದ್ದು ಸುಮ್ಮನೆ ಅಲ್ಲ.

ಧರ್ಮಸಭೆ ಮಾಲೀಕನ ಸ್ಥಾನದಲ್ಲಿದ್ದಾಗ

ಈಗ ಸ್ವಲ್ಪ ಕಷ್ಟದ ಮಾತಿಗೆ ಬರೋಣ. ಕರಾವಳಿಯಲ್ಲಿ ನಮ್ಮ ಧರ್ಮಪ್ರಾಂತ್ಯಗಳು, ಧಾರ್ಮಿಕ ಸಭೆಗಳು ನಡೆಸುವ ಶಾಲೆ, ಕಾಲೇಜು, ಆಸ್ಪತ್ರೆ, ಆಶ್ರಮಗಳಲ್ಲಿ ದುಡಿಯುವವರು ಬಹಳ ಮಂದಿ. ಈ ಲೇಖನ ಓದುವವರಲ್ಲೂ ಹಲವರು ಅಲ್ಲಿಯ ನೌಕರರು, ಕೆಲವರು ಅಲ್ಲಿಯ ಆಡಳಿತದವರು.

ಬೋಧನೆಯಲ್ಲಿ ನಮಗೆ ಬಡತನವಿಲ್ಲ. ಯೌವನದಲ್ಲಿ ಯುದ್ಧಕಾಲದ ಕ್ರಾಕೋವ್‌ನಲ್ಲಿ ಕಲ್ಲುಕೋರೆಯಲ್ಲೂ ರಾಸಾಯನಿಕ ಫ್ಯಾಕ್ಟರಿಯಲ್ಲೂ ಕೂಲಿಯಾಗಿದ್ದ ಸಂತ ಎರಡನೆಯ ಜಾನ್ ಪಾವ್ಲ್, 1981ರ ಸೆಪ್ಟೆಂಬರ್ 14ರಂದು ಹೊರಡಿಸಿದ 'ಲಾಬೊರೆಮ್ ಎಕ್ಸೆರ್ಚೆನ್ಸ್' ವಿಶ್ವಪತ್ರದಲ್ಲಿ ನಮ್ಮ ವಿಷಯವನ್ನೇ ಎತ್ತಿದ್ದಾರೆ. ದುಡಿಯುವವನು ಸಂಬಳವನ್ನು ಮಾತ್ರ ಬಯಸುವುದಿಲ್ಲ, ಈ ಕೆಲಸದಲ್ಲಿ ನನ್ನದೂ ಪಾಲಿದೆ ಎಂಬ ಅರಿವನ್ನೂ ಬಯಸುತ್ತಾನೆ. ಮೇಲಿನಿಂದ ತಿರುಗಿಸುವ ಯಂತ್ರದ ಒಂದು ಹಲ್ಲಾಗಿ ಉಳಿದಾಗ ಅವನಿಗೂ, ಒಟ್ಟು ವ್ಯವಸ್ಥೆಗೂ ಹಾನಿ ಎಂಬುದು ಅಲ್ಲಿನ 15ನೇ ಪರಿಚ್ಛೇದದ ತಾತ್ಪರ್ಯ. ಕೆಳಗಿನವರು ಮಾಡಬಹುದಾದ ನಿರ್ಧಾರವನ್ನು ಮೇಲಿನವರು ಕಸಿದುಕೊಳ್ಳಬಾರದೆಂಬ ತತ್ವವನ್ನು 1931ರಲ್ಲೇ 11ನೇ ಪಿಯುಸ್ ಬರೆದಿದ್ದರು. 1983ರ ಧರ್ಮಸಭಾ ಕಾನೂನಿನ 212ನೇ ವಿಧಿ, ಧರ್ಮಸಭೆಯ ಹಿತಕ್ಕೆ ಸಂಬಂಧಿಸಿದ ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ತಿಳಿಸುವುದು ಭಕ್ತರ ಹಕ್ಕು, ಕೆಲವೊಮ್ಮೆ ಕರ್ತವ್ಯ ಎನ್ನುತ್ತದೆ. 1286ನೇ ವಿಧಿ ಸೊತ್ತುಗಳ ಆಡಳಿತಗಾರರು ಕಾರ್ಮಿಕ ಕಾನೂನನ್ನು ಪಾಲಿಸಿ ನ್ಯಾಯವಾದ ವೇತನ ಕೊಡಬೇಕೆನ್ನುತ್ತದೆ.

ಆಚರಣೆಯಲ್ಲಿ ತೊಡಕು ಎಲ್ಲಿ? ನನ್ನ ಅನಿಸಿಕೆಯಲ್ಲಿ, 'ಸೇವೆ' ಎಂಬ ಒಂದು ಪವಿತ್ರ ಶಬ್ದದಲ್ಲಿ. ಗುರುಗಳು, ಸಿಸ್ಟರ್‌ಗಳು ವಿಧೇಯತೆಯ ವ್ರತ ಅಥವಾ ವಾಗ್ದಾನವನ್ನು ಸ್ವ ಇಚ್ಛೆಯಿಂದ ಮಾಡಿದವರು. ವರ್ಗಾವಣೆಯ ಪತ್ರ ಬಂದರೆ ಪೆಟ್ಟಿಗೆ ಕಟ್ಟುವುದು ಅವರಿಗೆ ಅಭ್ಯಾಸ. ಅವರಿಗೂ ಒಳಗಿಂದ ನೋವಾಗುವುದಿಲ್ಲವೆಂದು ಯಾರು ಹೇಳಿದ್ದು? ಆದರೆ ಗುಮಾಸ್ತನಾಗಲಿ, ನರ್ಸ್ ಆಗಲಿ ಆ ವ್ರತ ಮಾಡಿದವರಲ್ಲ. ಪಾಳಿಯ ಬಗ್ಗೆ ಪ್ರಶ್ನೆ ಕೇಳಿದಾಗ "ಇದು ಸೇವೆ ಅಲ್ಲವಾ ಬಾಯಿ?" ಎಂಬ ಉತ್ತರ ಬಂದರೆ ಆಕೆಗೆ ಮುಂದೆ ಮಾತಿಲ್ಲ. ಬೇರೆ ಮಾಲೀಕನೊಡನೆ ವಾದ ಮಾಡಬಹುದು, ದೇವರ ಹೆಸರಿನೊಡನೆ ಮಾಡುವುದು ಹೇಗೆ? ಹೀಗೆ ಇಲ್ಲಿ ಅಸಹಾಯಕತೆಗೆ ಅಪರಾಧಿ ಭಾವವೂ ಸೇರಿಕೊಳ್ಳುತ್ತದೆ. ಅವಳು ಭಾನುವಾರ ಅದೇ ಚರ್ಚಿಗೆ ಬರಬೇಕಾದವಳೂ ಹೌದು ಎಂಬುದನ್ನು ಮರೆಯಬಾರದು. ಕೆಲಸದ ಮೇಲಿನ ಬೇಸರ ಅಲ್ಲಿಗೆ ನಿಲ್ಲದೆ ಪೀಠದವರೆಗೂ ಹಬ್ಬುತ್ತದೆ.

ಆದಿಸಭೆಗೂ ಇಂಥ ದಿನ ಬಂದಿತ್ತು. ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯದಲ್ಲಿ, ಗ್ರೀಕ್ ಭಾಷೆಯವರ ವಿಧವೆಯರಿಗೆ ದೈನಂದಿನ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ಗೊಣಗಾಟ ಏಳುತ್ತದೆ. ಪ್ರೇಷಿತರು ಗೊಣಗಿದವರನ್ನು ಗದರಲಿಲ್ಲ. ಎಲ್ಲರನ್ನೂ ಕರೆದರು, ನಿಮ್ಮಲ್ಲಿಂದ ಏಳು ಮಂದಿಯನ್ನು ನೀವೇ ಆರಿಸಿಕೊಳ್ಳಿ ಎಂದರು. ಆರಿಸಿದ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ! ಯಾರಿಗೆ ನೋವಾಗಿತ್ತೋ ಅವರ ಕಡೆಯವರ ಕೈಗೇ ಹಂಚಿಕೆಯನ್ನು ಒಪ್ಪಿಸಲಾಯಿತು.

ಎಲ್ಲಿಂದ ಶುರು ಮಾಡುವುದು?

ವೈ.ಸಿ.ಎಸ್.ನಲ್ಲಿ ಬೆಳೆದವರಿಗೆ 'ನೋಡು, ವಿವೇಚಿಸು, ಕಾರ್ಯಮಾಡು' ಎಂಬ ಕ್ರಮ ಬಾಯಿಪಾಠ. ಬೆಲ್ಜಿಯಂನ ಗುರು ಜೋಸೆಫ್ ಕಾರ್ಡೈನ್ ಅದನ್ನು ರೂಪಿಸಿದ್ದು ಫ್ಯಾಕ್ಟರಿಗೆ ಹೋಗುವ ಹುಡುಗ ಹುಡುಗಿಯರಿಗಾಗಿ. 1961ರಲ್ಲಿ ಪೋಪ್ 23ನೇ ಜಾನ್ ತಮ್ಮ ವಿಶ್ವಪತ್ರದಲ್ಲಿ ಅದನ್ನು ಎತ್ತಿಹಿಡಿದರು. ಉಪದೇಶದಿಂದ ಆರಂಭಿಸದೆ ಕಂಡದ್ದನ್ನು ಹೇಳಿಸುವುದರಿಂದ ಆರಂಭಿಸುವುದೇ ಅದರ ಗುಟ್ಟು. ನಮ್ಮ ವಾಡೊ ಸಭೆಗಳಲ್ಲಿ ವರ್ಷಕ್ಕೊಮ್ಮೆಯಾದರೂ, ಮೇ 1ರ ಕಾರ್ಮಿಕ ಸಂತ ಜೋಸೆಫರ ಹಬ್ಬದ ಆಸುಪಾಸಿನಲ್ಲಿ, "ಕೆಲಸದಲ್ಲಿ ನಿಮ್ಮ ಮಾತು ನಡೆಯುವ ಒಂದು ವಿಷಯ ಯಾವುದು, ನಡೆಯದ ಒಂದು ವಿಷಯ ಯಾವುದು?" ಎಂದು ಕೇಳಿದರೆ ಸಾಕು. ಗುರ್ಕಾರರು ಸುಮ್ಮನೆ ಕುಳಿತು ಕೇಳಬೇಕು, ಅಷ್ಟೇ.

ನೌಕರರಿಗೆ ಹೇಳುವುದಾದರೆ, ಒಬ್ಬರೇ ಹೋಗಬೇಡಿ, ಮೂರು ಮಂದಿ ಹೋಗಿ. ಹತ್ತು ದೂರು ಒಯ್ಯಬೇಡಿ, ಒಂದು ಒಯ್ಯಿರಿ, ಅದೂ ಬದಲಾಗಬಹುದಾದದ್ದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 20 ಅಥವಾ ಹೆಚ್ಚು ಕಾರ್ಮಿಕರಿರುವ ಕೈಗಾರಿಕಾ ಸಂಸ್ಥೆಗಳಲ್ಲಿ ಎರಡೂ ಕಡೆಯವರು ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕೆಂದಿದೆ. ಶಿಕ್ಷಕರು 'ಕಾರ್ಮಿಕ' ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1988ರಲ್ಲಿ ಹಳೆಯ ಕಾಯಿದೆಯಡಿ ಹೇಳಿತ್ತು. ಆದರೆ ಕಾನೂನು ಕಡ್ಡಾಯ ಮಾಡದಿದ್ದರೂ ಇಂಥ ಸಮಿತಿ ಮಾಡಲು ಯಾವ ಶಾಲೆಗೂ ಅಡ್ಡಿಯಿಲ್ಲ.

ಆಡಳಿತದವರಿಗೆ ನನ್ನ ಕೋರಿಕೆ ಸಣ್ಣದು. ಎಲ್ಲ ಬೇಡಿಕೆಗೂ ಒಪ್ಪಬೇಕೆಂದಿಲ್ಲ. ಆಗದ್ದಕ್ಕೆ ಆಗದು ಎಂದು ಕಾರಣ ಸಹಿತ, ತಾರೀಕಿನೊಳಗೆ ಉತ್ತರ ಕೊಡಿ. ಉತ್ತರವಿಲ್ಲದ ಅರ್ಜಿಯೇ ಮನುಷ್ಯನನ್ನು ಹೆಚ್ಚು ಕುಗ್ಗಿಸುವುದು. ನೀವು ಮೇಲಿನಿಂದ ಒತ್ತಡದಲ್ಲಿದ್ದರೆ ಅದನ್ನೂ ಸಿಬ್ಬಂದಿಗೆ ಹೇಳಿ. ಜನ ನಾವು ಎಣಿಸಿದ್ದಕ್ಕಿಂತ ಹೆಚ್ಚು ಅರ್ಥಮಾಡಿಕೊಳ್ಳುತ್ತಾರೆ.

ನಮ್ಮ ಕಡೆಯ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ಕೆಲವು ವರ್ಷಗಳ ಹಿಂದೆ ರಾತ್ರಿ ಪಾಳಿಯ ಹಂಚಿಕೆಗಾಗಿ ದಿನವೂ ಕಣ್ಣೀರು, ಕಿತ್ತಾಟ ನಡೆಯುತ್ತಿತ್ತು. ಹೊಸದಾಗಿ ಬಂದ ವಾರ್ಡ್ ಸಿಸ್ಟರ್ ಒಂದು ಕ್ರಮ ತಂದರು. ತಿಂಗಳ ಪಟ್ಟಿಯನ್ನು ಮೊದಲು ಪೆನ್ಸಿಲಿನಲ್ಲಿ ಬರೆದು ಮೂರು ದಿನ ಗೋಡೆಗೆ ಅಂಟಿಸುವುದು. ಮಗುವಿನ ಪರೀಕ್ಷೆ, ಮನೆಯ ಮದುವೆ, ಊರಿನ ಹಬ್ಬ - ಯಾರಿಗೆ ಯಾವುದು ಆಗದೋ ಅವರವರೇ ಮಾತಾಡಿಕೊಂಡು ಅಳಿಸಿ ಬರೆಯುವುದು. ನಾಲ್ಕನೆಯ ದಿನ ಸಿಸ್ಟರ್ ಅದರ ಮೇಲೆ ಪೆನ್ನಿನಿಂದ ಬರೆದು ಸಹಿ ಹಾಕುತ್ತಾರೆ. ಪಾಳಿಗಳ ಸಂಖ್ಯೆ ಒಂದೂ ಕಡಿಮೆಯಾಗಲಿಲ್ಲ, ಸಂಬಳವೂ ಅಷ್ಟೇ. ಆ ಸಿಸ್ಟರ್ ವರ್ಗವಾಗಿ ಹೋಗಿ ಸಮಯವಾಯಿತು. ಮೊನ್ನೆ ಸಂಬಂಧಿಕರೊಬ್ಬರನ್ನು ನೋಡಲು ಅಲ್ಲಿಗೆ ಹೋದಾಗ ಗೋಡೆಯ ಮೇಲೆ ಪಟ್ಟಿ ಪೆನ್ಸಿಲಿನಲ್ಲೇ ಇತ್ತು, ಪಕ್ಕದಲ್ಲಿ ನೂಲು ಕಟ್ಟಿ ಒಂದು ರಬ್ಬರ್ ತೂಗುತ್ತಿತ್ತು.